ಹ್ಯಾಟಿ ಮ್ಯಾಕ್‌ಡ್ಯಾನಿಯೆಲ್: ಆಸ್ಕರ್ ರಾತ್ರಿಯ ಹಿಂದೆ ಮತ್ತು ಮುಂದೆ

ಹಳೆಯ ತೆರೆ:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕಪ್ಪು ನಟಿ ಹ್ಯಾಟಿ ಮ್ಯಾಕ್‌ಡ್ಯಾನಿಯೆಲ್ ಅವರ ಹೆಸರು ಬಂದಾಗಲೆಲ್ಲ ಮಾತು 1940ರ ಫೆಬ್ರವರಿ 29ರ ರಾತ್ರಿಗೆ ಹೋಗಿ ಅಲ್ಲಿಯೇ ನಿಂತುಬಿಡುತ್ತದೆ. ಲಾಸ್ ಏಂಜಲೀಸಿನ ಅಂಬಾಸಿಡರ್ ಹೋಟೆಲಿನ ಕೋಕೊನಟ್ ಗ್ರೋವ್ ಸಭಾಂಗಣದಲ್ಲಿ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ವಿಶೇಷವಾಗಿ ಕೇಳಿಕೊಂಡ ಮೇಲೆ ಆಕೆಯನ್ನು ಒಳಗೆ ಬಿಟ್ಟರು, ಆದರೆ ‘ಗಾನ್ ವಿತ್ ದ ವಿಂಡ್’ ತಂಡದ ಜೊತೆಗಲ್ಲ, ದೂರದ ಗೋಡೆಯ ಬದಿಯಲ್ಲಿ ಹಾಕಿದ ಒಂದು ಪುಟ್ಟ ಮೇಜಿನಲ್ಲಿ ಕೂರಿಸಿದರು. ಕೂದಲಲ್ಲಿ ಗಾರ್ಡೇನಿಯಾ ಹೂ ಮುಡಿದಿದ್ದ ಆಕೆ ಅಲ್ಲಿಂದೆದ್ದು ಬಂದು ಅತ್ಯುತ್ತಮ ಪೋಷಕ ನಟಿ ಪ್ರಶಸ್ತಿಯನ್ನು ಸ್ವೀಕರಿಸಿದರು. ಆಸ್ಕರ್ ಪಡೆದ ಮೊದಲ ಕಪ್ಪು ವ್ಯಕ್ತಿ ಅವರು. ತನ್ನ ಜನಾಂಗಕ್ಕೂ ಚಿತ್ರೋದ್ಯಮಕ್ಕೂ ಸದಾ ಗೌರವ ತರುವವಳಾಗಿರಬೇಕೆಂಬ ಆಸೆಯನ್ನು ಹೇಳಿಕೊಂಡು, ಗಂಟಲು ಕಟ್ಟಿ, ಮಾತು ಮುಗಿಸಿದರು.

ಈ ಕತೆಯನ್ನು ನಾವು ಮತ್ತೆ ಮತ್ತೆ ಹೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ನನಗೆ ಅನೇಕ ವರ್ಷಗಳಿಂದ ಇರುವ ಕೊರಗು ಬೇರೆ. ಆ ಮೇಜಿನ ಬಳಿ ಬಂದು ಕೂರುವ ಹೊತ್ತಿಗೆ ಆಕೆ ಸುಮಾರು ಮೂವತ್ತು ವರ್ಷ ದುಡಿದಿದ್ದ ಕಲಾವಿದೆ ಎಂಬುದನ್ನೂ, ಅಲ್ಲಿಂದೆದ್ದು ಹೋದ ಮೇಲೆ ಬದುಕಿದ್ದ ಹನ್ನೆರಡು ವರ್ಷಗಳಲ್ಲಿ ಮಾಡಿದ ಕೆಲಸವನ್ನೂ ನಾವು ಬಹುತೇಕ ಬಿಟ್ಟೇಬಿಡುತ್ತೇವೆ. ಅವರನ್ನು ಅವಮಾನಕ್ಕೊಳಗಾದ ಒಬ್ಬ ಹೆಂಗಸಾಗಿ ಮಾತ್ರ ನೆನೆಯುವುದು ಕೂಡ ಅವರನ್ನು ಗೋಡೆಯ ಬದಿಗೇ ಕೂರಿಸಿದಂತೆ ಎಂದು ನನಗೆ ಅನ್ನಿಸುತ್ತದೆ. ಆದ್ದರಿಂದ ಈ ಚರ್ಚೆಯನ್ನು ಅವರ ವೃತ್ತಿಯ ಬಗ್ಗೆ ಆರಂಭಿಸುತ್ತಿದ್ದೇನೆ.

ಅವರು ಹುಟ್ಟಿದ್ದು ಕಾನ್ಸಾಸ್ ರಾಜ್ಯದ ವಿಚಿಟಾದಲ್ಲಿ, 1890ರ ದಶಕದಲ್ಲಿ. ಹದಿಮೂರು ಮಕ್ಕಳಲ್ಲಿ ಕೊನೆಯವರು. ತಂದೆ ಹೆನ್ರಿ ಗುಲಾಮಗಿರಿಯಲ್ಲಿ ಹುಟ್ಟಿ, ಅಮೆರಿಕದ ಅಂತರ್ಯುದ್ಧದಲ್ಲಿ ಒಕ್ಕೂಟದ ಸೇನೆಯ ಕಪ್ಪು ಸೈನಿಕರ ದಳದಲ್ಲಿ ಹೋರಾಡಿದವರು. ತಾಯಿ ಸೂಸನ್ ಭಕ್ತಿಗೀತೆಗಳನ್ನು ಹಾಡುತ್ತಿದ್ದವರು. ಕುಟುಂಬ ಕೊಲೊರಾಡೊಗೆ ಹೋಗಿ ನೆಲೆಸಿದಾಗ ಹ್ಯಾಟಿ ಡೆನ್ವರಿನ ಶಾಲೆಯಲ್ಲಿ ಓದಿದರು, ಹದಿಹರೆಯದಲ್ಲಿಯೇ ವಾಚನ ಸ್ಪರ್ಧೆಯೊಂದರಲ್ಲಿ ಚಿನ್ನದ ಪದಕ ಗೆದ್ದರು, ಬೇಗನೆ ಶಾಲೆ ಬಿಟ್ಟು ರಂಗಕ್ಕೆ ಬಂದರು. 1914ರಲ್ಲಿ ಅಕ್ಕ ಎಟ್ಟಾ ಅವರೊಂದಿಗೆ ಹೆಂಗಸರೇ ಇರುವ ಒಂದು ಮಿನ್‌ಸ್ಟ್ರೆಲ್ ತಂಡವನ್ನು ಕಟ್ಟಿದರು. ಮಿನ್‌ಸ್ಟ್ರೆಲ್ ಎಂದರೆ, ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ಹಾಡು-ಕುಣಿತ-ಹಾಸ್ಯದ ಪ್ರಕಾರ. ಕಪ್ಪು ಕಲಾವಿದರು ಅದೇ ಪ್ರಕಾರವನ್ನು ಕೈಗೆತ್ತಿಕೊಂಡು ತಮ್ಮ ಜನರ ಮುಂದೆ ಆಡುವಾಗ ಅದರ ಅರ್ಥವೇ ಬೇರೆಯಾಗುತ್ತಿತ್ತು. ಈ ಅಂಶವನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ, ಏಕೆಂದರೆ ಸಿನಿಮಾದಲ್ಲಿ ಸೇವಕಿಯ ಪಾತ್ರ ಸಿಕ್ಕಾಗ ಆಕೆ ಏನು ಮಾಡಿದರು ಎಂಬುದರ ಬೇರು ಇಲ್ಲಿದೆ.

1920ರ ದಶಕದಲ್ಲಿ ಜಾರ್ಜ್ ಮಾರಿಸನ್ ಅವರ ವಾದ್ಯವೃಂದದ ಜೊತೆ ಊರೂರು ಸುತ್ತಿದರು, ಡೆನ್ವರಿನ ಬಾನುಲಿಯಲ್ಲಿ ಹಾಡಿದರು, 1926ರಿಂದ 1929ರ ನಡುವೆ ಬ್ಲೂಸ್ ಹಾಡುಗಳನ್ನು ಧ್ವನಿಮುದ್ರಿಸಿದರು; ಅವುಗಳಲ್ಲಿ ಸ್ವತಃ ರಚಿಸಿದವೂ ಇವೆ. 1929ರಲ್ಲಿ ಷೇರುಪೇಟೆ ಕುಸಿದಾಗ ರಂಗದ ಕೆಲಸವೆಲ್ಲ ನಿಂತುಹೋಯಿತು. ಆಗ ಮಿಲ್ವಾಕಿಯ ಹತ್ತಿರದ ಕ್ಲಬ್ ಮ್ಯಾಡ್ರಿಡ್‌ನಲ್ಲಿ ಅವರಿಗೆ ಸಿಕ್ಕಿದ್ದು ಹೆಂಗಸರ ಶೌಚಾಲಯದ ಪರಿಚಾರಿಕೆಯ ಕೆಲಸ. ಕೊನೆಗೆ ಅಲ್ಲಿಯೇ ಹಾಡುವ ಅವಕಾಶ ಸಿಕ್ಕಿ, ಆ ಕ್ಲಬ್ಬಿನ ಗಾಯಕಿಯಾದರು. 1931ರಲ್ಲಿ ಲಾಸ್ ಏಂಜಲೀಸಿಗೆ ಬಂದಾಗ ಅಣ್ಣ ಸ್ಯಾಮ್ ಅವರ ಮೂಲಕ ಕೆಎನ್‌ಎಕ್ಸ್ ಬಾನುಲಿಯಲ್ಲಿ ‘ಹೈ-ಹ್ಯಾಟ್ ಹ್ಯಾಟಿ’ ಎಂಬ ದರ್ಪದ ಸೇವಕಿಯ ಪಾತ್ರ ಮಾಡಿ ಜನಪ್ರಿಯರಾದರು. ಆದರೆ ಅದರಿಂದ ಹೊಟ್ಟೆ ತುಂಬುತ್ತಿರಲಿಲ್ಲವಾದ್ದರಿಂದ ಹಗಲಿನಲ್ಲಿ ಬೇರೆಯವರ ಮನೆಗಳಲ್ಲಿ ನಿಜವಾಗಿಯೂ ಮನೆಗೆಲಸ ಮಾಡುತ್ತಿದ್ದರು. 1932ರಲ್ಲಿ ಮೊದಲ ಚಿತ್ರ, ಅಲ್ಲಿಯೂ ಮನೆಗೆಲಸದಾಕೆ. ಆಮೇಲೆ ತೆರೆಯ ಮೇಲೆ ಹೆಸರೇ ಹಾಕದ ಎಷ್ಟೋ ಪಾತ್ರಗಳು.

ಇದನ್ನೆಲ್ಲ ಓದಿದ ಮೇಲೆ ನಿಮಗೆ ಅವರ ವೃತ್ತಿಯ ಬಗ್ಗೆ ಏನನ್ನಿಸುತ್ತದೆ ಎಂದು ತಿಳಿಯಲು ಬಯಸುತ್ತೇನೆ.

ಸಂಪಿಗೆ ನೆರಳು:

ಹಳೆಯ ತೆರೆ ಅವರೇ, ನಿಮ್ಮ ಬರಹದಲ್ಲಿರುವ ಕಾಳಜಿಯನ್ನು ಗೌರವಿಸುತ್ತಲೇ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಅವರ ಬದುಕಿನ ಕಷ್ಟಗಳು ನಿಜ, ಪ್ರತಿಭೆಯೂ ನಿಜ. ಆದರೆ ಅವರಿಗೆ ಪ್ರಶಸ್ತಿ ತಂದ ಪಾತ್ರ ಯಾವುದು ಎಂಬುದನ್ನು ನಾವು ಮೆದುವಾಗಿ ದಾಟಿಹೋಗಬಾರದು. ಅಂತರ್ಯುದ್ಧದ ಕಾಲದ ಕತೆಯಾದ ‘ಗಾನ್ ವಿತ್ ದ ವಿಂಡ್’ನಲ್ಲಿ ಅವರು ಮಾಡಿದ ಆ ಗುಲಾಮಳ ಪಾತ್ರಕ್ಕೆ ಹೆಸರೇ ಇಲ್ಲ. ‘ಮ್ಯಾಮಿ’ ಎನ್ನುವುದು ಬಿಳಿಯರ ಮಕ್ಕಳನ್ನು ಸಾಕಿದ ಗುಲಾಮ ಹೆಂಗಸರನ್ನು ಕರೆಯುತ್ತಿದ್ದ ರೀತಿ ಮಾತ್ರ. ಆಕೆಗೆ ಗಂಡನಿಲ್ಲ, ಸ್ವಂತ ಮಕ್ಕಳಿಲ್ಲ, ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೂ ಬಿಟ್ಟುಹೋಗಬೇಕೆಂಬ ಆಸೆಯೂ ಇಲ್ಲ. ಒಡೆಯರ ಮನೆಯ ಸುಖದುಃಖವೇ ತನ್ನ ಸುಖದುಃಖ ಎಂದು ಬದುಕುವ ಗುಲಾಮಳ ಚಿತ್ರ ಯಾರಿಗೆ ಬೇಕಾಗಿತ್ತು? ಗುಲಾಮಗಿರಿ ಅಷ್ಟೇನೂ ಕೆಟ್ಟದ್ದಾಗಿರಲಿಲ್ಲ ಎಂದು ನಂಬಿಕೊಳ್ಳಲು ಬಯಸಿದವರಿಗೆ ಬೇಕಾಗಿತ್ತು.

ಇದು ಇಂದಿನ ಕಣ್ಣಿನಿಂದ ಅಂದಿನದನ್ನು ಅಳೆಯುವ ಮಾತಲ್ಲ. ಆ ಚಿತ್ರ ಬಿಡುಗಡೆಯಾದಾಗಲೇ ಅಮೆರಿಕದ ಹಲವು ನಗರಗಳಲ್ಲಿ ಕಪ್ಪು ಜನರು ಚಿತ್ರಮಂದಿರಗಳ ಮುಂದೆ ಪ್ರತಿಭಟಿಸಿದ್ದರು. ಚಿತ್ರಕತೆಯಲ್ಲಿದ್ದ ಅತ್ಯಂತ ಹೀನಾಯವಾದ ಬೈಗುಳವನ್ನು ತೆಗೆಸಿದ್ದು ಕೂಡ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆ ಮತ್ತು ಕಪ್ಪು ಜನರ ಪತ್ರಿಕೆಗಳು ತಂದ ಒತ್ತಡವೇ. 1942ರಲ್ಲಿ ಆ ಸಂಘಟನೆಯ ವಾಲ್ಟರ್ ವೈಟ್ ಅವರು ಸ್ಟುಡಿಯೊ ಮುಖ್ಯಸ್ಥರನ್ನು ಭೇಟಿಯಾಗಿ, ಕಪ್ಪು ಜನರನ್ನು ಸೇವಕರಾಗಿ ಮತ್ತು ವಿದೂಷಕರಾಗಿ ಮಾತ್ರ ತೋರಿಸುವುದನ್ನು ನಿಲ್ಲಿಸಬೇಕೆಂದು ಒತ್ತಾಯಿಸಿದಾಗ, ಮ್ಯಾಕ್‌ಡ್ಯಾನಿಯೆಲ್ ಅವರೇ ಆ ಪ್ರಯತ್ನವನ್ನು ವಿರೋಧಿಸಿದವರಲ್ಲಿ ಒಬ್ಬರಾಗಿದ್ದರು. ಸೇವಕಿಯ ಪಾತ್ರ ಮಾಡಿ ವಾರಕ್ಕೆ 700 ಡಾಲರ್ ಗಳಿಸುವುದು, ಸೇವಕಿಯಾಗಿಯೇ ವಾರಕ್ಕೆ 7 ಡಾಲರ್ ಗಳಿಸುವುದಕ್ಕಿಂತ ಮೇಲಲ್ಲವೇ ಎಂಬ ಅವರದೆಂದು ಪ್ರಸಿದ್ಧವಾದ ಮಾತನ್ನು ಎಲ್ಲರೂ ಮೆಚ್ಚುಗೆಯಿಂದ ಉದ್ಧರಿಸುತ್ತಾರೆ. ಆ ಮಾತು ಅವರೊಬ್ಬರ ಬದುಕಿಗೆ ಸರಿಯಾದ ಉತ್ತರ. ಆದರೆ ಆ ಚಿತ್ರಗಳನ್ನು ನೋಡಿ ತಮ್ಮ ಮನೆಯ ಕೆಲಸದಾಕೆ ಹೇಗಿರಬೇಕೆಂದು ಕಲಿತ ಬಿಳಿಯ ಯಜಮಾನಿಯರ ಕೈಕೆಳಗೆ 7 ಡಾಲರಿಗೆ ದುಡಿಯುತ್ತಿದ್ದ ಸಾವಿರಾರು ಹೆಂಗಸರಿಗೆ ಅದು ಉತ್ತರವಾಗುತ್ತದೆಯೇ? ನನಗೆ ಅದರ ಬಗ್ಗೆ ಅನುಮಾನವಿದೆ.

ಹಳೆಯ ತೆರೆ:

ಸಂಪಿಗೆ ನೆರಳು ಅವರೇ, ನೀವು ಎತ್ತಿದ ಆಕ್ಷೇಪ ನ್ಯಾಯವಾದದ್ದು, ಅದನ್ನು ತಳ್ಳಿಹಾಕುವ ಉದ್ದೇಶ ನನಗಿಲ್ಲ. ವಾಲ್ಟರ್ ವೈಟ್ ಅವರು ಹೇಳಿದ್ದು ಸರಿಯಾಗಿತ್ತು. ಆದರೆ ಮ್ಯಾಕ್‌ಡ್ಯಾನಿಯೆಲ್ ಅವರ ಸಿಟ್ಟಿಗೂ ಕಾರಣವಿತ್ತು: ಹಾಲಿವುಡ್‌ನಲ್ಲಿ ದಶಕಗಳಿಂದ ದುಡಿಯುತ್ತಿದ್ದ ಕಪ್ಪು ನಟನಟಿಯರನ್ನು ಕೇಳದೆಯೇ, ನ್ಯೂಯಾರ್ಕಿನಿಂದ ಬಂದವರೊಬ್ಬರು ಅವರ ಅನ್ನದ ಪ್ರಶ್ನೆಯನ್ನು ಸ್ಟುಡಿಯೊ ಮಾಲೀಕರ ಜೊತೆ ಕೂತು ತೀರ್ಮಾನಿಸುತ್ತಿದ್ದಾರೆ ಎಂಬುದು ಆ ಸಿಟ್ಟಿನ ಮೂಲ. ಸೇವಕಿಯ ಪಾತ್ರಗಳು ನಿಂತರೆ ಅವುಗಳ ಜಾಗಕ್ಕೆ ವೈದ್ಯೆಯ, ಶಿಕ್ಷಕಿಯ ಪಾತ್ರಗಳು ಬರುತ್ತವೆ ಎಂಬ ಭರವಸೆ ಯಾರೂ ಕೊಟ್ಟಿರಲಿಲ್ಲ.

ಇನ್ನು ಪಾತ್ರಗಳ ವಿಚಾರ. ಚಿತ್ರಕತೆಯಲ್ಲಿ ಬರೆದ ಪಾತ್ರವನ್ನು ಮತ್ತು ತೆರೆಯ ಮೇಲೆ ಆಕೆ ಮಾಡಿದ ಕೆಲಸವನ್ನು ನಾವು ಬೇರೆ ಬೇರೆಯಾಗಿ ನೋಡಬೇಕು ಎಂಬುದು ನನ್ನ ಕೋರಿಕೆ. 1935ರ ‘ಆಲಿಸ್ ಆಡಮ್ಸ್’ ಚಿತ್ರವನ್ನು ತೆಗೆದುಕೊಳ್ಳಿ. ಮಧ್ಯಮ ವರ್ಗದ ಒಂದು ಕುಟುಂಬ ತಾನು ಶ್ರೀಮಂತ ಎಂದು ತೋರಿಸಿಕೊಳ್ಳಲು ಒಂದು ಸಂಜೆಗಾಗಿ ಅಡುಗೆಯವಳನ್ನು ಬಾಡಿಗೆಗೆ ತರುತ್ತದೆ. ಸೆಕೆಯ ಆ ಸಂಜೆ ಬಿಸಿಬಿಸಿ ಊಟ ಬಡಿಸಲು ಬರುವ ಮಲೀನಾ ಎಂಬ ಆ ಹೆಂಗಸು ಚೂಯಿಂಗ್ ಗಮ್ ಜಗಿಯುತ್ತಾ, ಜಾರುತ್ತಿರುವ ತಲೆಯ ಟೋಪಿಯನ್ನು ಲೆಕ್ಕಿಸದೆ, ತನ್ನದೇ ವೇಗದಲ್ಲಿ ಮೇಜಿನ ಸುತ್ತ ಓಡಾಡುತ್ತಾಳೆ. ಮಾತು ಬಹಳ ಕಡಿಮೆ. ಆದರೆ ಆ ಮನೆಯವರ ಆಡಂಬರ ಎಷ್ಟು ಪೊಳ್ಳು ಎಂಬುದು ನಮಗೆ ತಿಳಿಯುವುದು ಆಕೆಯ ಮುಖ ನೋಡಿ. ಕ್ಯಾಥರೀನ್ ಹೆಪ್‌ಬರ್ನ್ ಅವರಂಥ ನಟಿ ಎದುರಿಗಿದ್ದಾಗಲೂ ಆ ದೃಶ್ಯ ಮ್ಯಾಕ್‌ಡ್ಯಾನಿಯೆಲ್ ಅವರ ಕೈಯಲ್ಲಿರುತ್ತದೆ. ಬರೆದ ಪಾತ್ರ ದಡ್ಡ ಅಡುಗೆಯವಳದ್ದು, ಆಕೆ ಆಡಿದ್ದು ಎಲ್ಲವನ್ನೂ ನೋಡಿ ತಿಳಿದುಕೊಂಡಿರುವ ಹೆಂಗಸನ್ನು. ಮಿನ್‌ಸ್ಟ್ರೆಲ್ ರಂಗದಿಂದ ಕಲಿತ ತಿರುವು ಇದೇ ಎಂದು ನಾನು ನಂಬಿದ್ದೇನೆ.

‘ಗಾನ್ ವಿತ್ ದ ವಿಂಡ್’ ಚಿತ್ರದ ಮೆಟ್ಟಿಲಿನ ದೃಶ್ಯವನ್ನೂ ನೆನಪಿಸಿಕೊಳ್ಳಿ. ಮಗು ಸತ್ತಿದೆ, ತಂದೆ ಶವವನ್ನು ಹೂಳಲು ಬಿಡದೆ ಕೋಣೆಯ ಬಾಗಿಲು ಹಾಕಿಕೊಂಡಿದ್ದಾನೆ. ಒಲಿವಿಯಾ ಡಿ ಹ್ಯಾವಿಲೆಂಡ್ ಅವರ ಜೊತೆ ಮೆಟ್ಟಿಲು ಹತ್ತುತ್ತಾ ಮ್ಯಾಕ್‌ಡ್ಯಾನಿಯೆಲ್ ಆ ಮನೆಯಲ್ಲಿ ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ನಾಲ್ಕು ಗಂಟೆಗೆ ಸಮೀಪದ ಆ ಚಿತ್ರದಲ್ಲಿ ದುಃಖ ಎಂಬುದು ಅಲಂಕಾರವಿಲ್ಲದೆ ಕಾಣುವ ಗಳಿಗೆಗಳು ಕೆಲವೇ. ಇದು ಅವುಗಳಲ್ಲಿ ಒಂದು. ಆ ವರ್ಷ ಅದೇ ಪ್ರಶಸ್ತಿಗೆ ಡಿ ಹ್ಯಾವಿಲೆಂಡ್ ಕೂಡ ಸ್ಪರ್ಧೆಯಲ್ಲಿದ್ದರು.

ಬೆಳ್ಳಿಪರದೆ:

ಚರ್ಚೆ ಒಳ್ಳೆಯ ದಾರಿಯಲ್ಲಿದೆ. ಒಂದು ಮಾತು ಸೇರಿಸುತ್ತೇನೆ: ಮ್ಯಾಕ್‌ಡ್ಯಾನಿಯೆಲ್ ಅವರ ಆಯ್ಕೆಗಳನ್ನು ಅರಿಯಬೇಕಾದರೆ, ಬೇರೆ ದಾರಿ ಹಿಡಿದ ನಟಿಯರಿಗೆ ಏನಾಯಿತು ಎಂಬುದನ್ನೂ ನೋಡಬೇಕು.

ಅವರಿಗಿಂತ ಮೊದಲು ಮೇಡಮ್ ಸುಲ್-ಟೆ-ವಾನ್ ಎಂಬ ಹೆಸರಿನಿಂದ ಪ್ರಸಿದ್ಧರಾದ ನಟಿಯಿದ್ದರು. ಚಿತ್ರರಂಗದಲ್ಲಿ ಕರಾರಿನ ಮೇಲೆ ಕೆಲಸ ಪಡೆದ ಮೊದಲ ಕಪ್ಪು ಕಲಾವಿದೆ ಎಂದು ಅವರನ್ನು ಗುರುತಿಸುತ್ತಾರೆ. ಆ ಕೆಲಸ ಕೊಟ್ಟವರು ಡಿ.ಡಬ್ಲ್ಯು. ಗ್ರಿಫಿತ್, ಚಿತ್ರ 1915ರ ‘ದ ಬರ್ತ್ ಆಫ್ ಎ ನೇಷನ್’, ಅಂದರೆ ಕಪ್ಪು ಜನರ ಮೇಲೆ ಹಿಂಸೆ ನಡೆಸಿದ ಕ್ಲೂ ಕ್ಲಕ್ಸ್ ಕ್ಲಾನನ್ನು ವೀರರಂತೆ ತೋರಿಸಿದ ಚಿತ್ರ. ಮೊದಲ ಬಾಗಿಲು ತೆರೆದದ್ದೇ ಇಂಥ ಮನೆಯಲ್ಲಿ ಎಂಬುದನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ.

1929ರಲ್ಲಿ ‘ಹಲ್ಲೆಲೂಯಾ’ ಚಿತ್ರದಲ್ಲಿ ನೀನಾ ಮೇ ಮೆಕಿನ್ನಿ ನಾಯಕಿಯಾಗಿ ಕಾಣಿಸಿಕೊಂಡಾಗ ಎಂಜಿಎಂ ಸಂಸ್ಥೆ ಅವರೊಡನೆ ಐದು ವರ್ಷಗಳ ಕರಾರು ಮಾಡಿಕೊಂಡಿತು. ಸುಂದರಿ, ಹಾಡುಗಾತಿ, ನರ್ತಕಿ. ಆದರೆ ಕರಾರು ಮಾಡಿಕೊಂಡ ಸಂಸ್ಥೆಗೆ ಅವರಿಗೆ ಕೊಡಲು ಪಾತ್ರಗಳೇ ಇರಲಿಲ್ಲ, ಅವರು ಯುರೋಪಿನ ರಂಗಮಂದಿರಗಳಲ್ಲಿ ಹಾಡಲು ಹೊರಟರು. ಕಪ್ಪು ಮತ್ತು ಬಿಳಿಯರ ನಡುವಿನ ಪ್ರಣಯವನ್ನು ತೆರೆಯ ಮೇಲೆ ತೋರಿಸಬಾರದು ಎಂದು ಹಾಲಿವುಡ್ ಸ್ಟುಡಿಯೊಗಳು ತಮಗೆ ತಾವೇ ಹಾಕಿಕೊಂಡಿದ್ದ ನಿಯಮಾವಳಿಯಾದ ಅಂದಿನ ನಿರ್ಮಾಣ ಸಂಹಿತೆಯೇ ಬರೆದಿಟ್ಟಿತ್ತು. ಹೀಗಿರುವಾಗ ಬಿಳಿಯ ನಾಯಕನ ಚಿತ್ರದಲ್ಲಿ ಕಪ್ಪು ನಟಿ ನಾಯಕಿಯಾಗುವ ಮಾತೇ ಇರಲಿಲ್ಲ.

ನನ್ನನ್ನು ಹೆಚ್ಚು ಕಾಡುವವರು ಫ್ರೆಡಿ ವಾಷಿಂಗ್ಟನ್. ಅವರ ಮೈಬಣ್ಣ ಎಷ್ಟು ತಿಳಿಯಾಗಿತ್ತೆಂದರೆ, 1933ರ ‘ದ ಎಂಪರರ್ ಜೋನ್ಸ್’ ಚಿತ್ರದಲ್ಲಿ ಕಪ್ಪು ನಟ ಪಾಲ್ ರಾಬ್ಸನ್ ಅವರ ಜೊತೆಗಿನ ದೃಶ್ಯಗಳಲ್ಲಿ ಪ್ರೇಕ್ಷಕರು ಅವರನ್ನು ಬಿಳಿಯ ಹೆಂಗಸೆಂದು ತಿಳಿದಾರೆಂಬ ಭಯಕ್ಕೆ ಬಣ್ಣ ಬಳಿದು ಕಪ್ಪಾಗಿಸಿದರು. ಮರುವರ್ಷ ‘ಇಮಿಟೇಷನ್ ಆಫ್ ಲೈಫ್’ ಚಿತ್ರದಲ್ಲಿ, ತಾಯಿಯನ್ನು ತೊರೆದು ಬಿಳಿಯಳಾಗಿ ಬದುಕಲು ಹೊರಡುವ ಮಗಳ ಪಾತ್ರ ಮಾಡಿದರು. ತಾಯಿಯಾಗಿದ್ದವರು ಲೂಯಿಸ್ ಬೀವರ್ಸ್. ನಿಜಜೀವನದಲ್ಲಿ ಬಿಳಿಯಳೆಂದು ಹೇಳಿಕೊಂಡಿದ್ದರೆ ಫ್ರೆಡಿ ತಾರೆಯಾಗಬಹುದಾಗಿತ್ತು. ಅವರು ಅದನ್ನು ಒಪ್ಪಲಿಲ್ಲ. ಸೇವಕಿಯ ಪಾತ್ರಕ್ಕೆ ಬಣ್ಣ ಹೆಚ್ಚು ತಿಳಿ, ನಾಯಕಿಯ ಪಾತ್ರಕ್ಕೆ ಜನಾಂಗ ಅಡ್ಡಿ. ಕೆಲವೇ ವರ್ಷಗಳಲ್ಲಿ ಹಾಲಿವುಡ್ ಬಿಟ್ಟು, ಕಪ್ಪು ನಟರ ಸಂಘ ಕಟ್ಟಿದವರಲ್ಲಿ ಒಬ್ಬರಾಗಿ, ಪತ್ರಿಕೆಯಲ್ಲಿ ರಂಗಭೂಮಿಯ ಬಗ್ಗೆ ಬರೆಯುತ್ತಾ ಹೋರಾಟಗಾರ್ತಿಯಾದರು.

ಅಂದರೆ ನಾಯಕಿಯಾಗಲು ಹೊರಟವರು ಕೆಲಸವಿಲ್ಲದೆ ದೂರ ಹೋದರು, ಸೇವಕಿಯ ಪಾತ್ರ ಒಪ್ಪಿದವರು ಉಳಿದರು. ಯಾರು ಸರಿ, ಯಾರು ತಪ್ಪು ಎಂದು ಹೇಳುವ ಮೊದಲು ಆ ಬಾಗಿಲುಗಳನ್ನು ಕಟ್ಟಿದವರು ಯಾರು ಎಂದು ಕೇಳಬೇಕಾಗುತ್ತದೆ.

ಹೊಸ ಓದುಗ:

ನಾನು ಈ ವಿಷಯಕ್ಕೆ ಹೊಸಬ. ಮ್ಯಾಕ್‌ಡ್ಯಾನಿಯೆಲ್ ಅವರ ಆಸ್ಕರ್ ಪ್ರಶಸ್ತಿ ಕಳೆದುಹೋಗಿದೆ ಎಂದು ಎಲ್ಲೋ ಓದಿದ ನೆನಪು. ಅದು ನಿಜವೇ? ಅವರಿಗೆ ಪ್ರತಿಮೆಯ ಬದಲು ಬರೀ ಫಲಕ ಕೊಟ್ಟರು ಎಂದೂ ಓದಿದ್ದೇನೆ. ಅದಕ್ಕೂ ವರ್ಣಭೇದವೇ ಕಾರಣವೇ?

ಬೆಳ್ಳಿಪರದೆ:

ಹೊಸ ಓದುಗ ಅವರೇ, ಫಲಕದ ವಿಚಾರದಲ್ಲಿ ಹಾಗಲ್ಲ. ಪೋಷಕ ಪಾತ್ರಗಳಿಗೆ ಪ್ರಶಸ್ತಿ ಆರಂಭವಾದ ಮೊದಲ ಕೆಲವು ವರ್ಷಗಳಲ್ಲಿ ಬಿಳಿಯ ವಿಜೇತರಿಗೂ ಪುಟ್ಟ ಫಲಕವನ್ನೇ ಕೊಡುತ್ತಿದ್ದರು. ಪೂರ್ಣ ಪ್ರತಿಮೆ ಕೊಡುವ ಪದ್ಧತಿ ಬಂದದ್ದು ಆಮೇಲೆ. ಈ ಒಂದು ವಿಷಯದಲ್ಲಿ ಅವರಿಗೆ ಬೇರೆಯವರಿಗಿಂತ ಕಡಿಮೆ ಕೊಡಲಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಅವರಿಗೆ ಆದ ನಿಜವಾದ ಅನ್ಯಾಯಗಳೇ ಸಾಕಷ್ಟಿವೆ.

ಕಳೆದುಹೋದದ್ದು ಮಾತ್ರ ನಿಜ. ಅವರು ತಮ್ಮ ಉಯಿಲಿನಲ್ಲಿ ಆ ಫಲಕವನ್ನು ವಾಷಿಂಗ್ಟನ್ ನಗರದ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಬರೆದಿಟ್ಟರು. ಕಪ್ಪು ಜನರ ಉನ್ನತ ಶಿಕ್ಷಣಕ್ಕೆಂದೇ ಕಟ್ಟಿದ ಆ ಸಂಸ್ಥೆಯ ನಾಟಕ ವಿಭಾಗದಲ್ಲಿ ಅದು ಕೆಲವು ಕಾಲ ಇತ್ತು, ಆಮೇಲೆ ಕಾಣೆಯಾಯಿತು. ಯಾರು ತೆಗೆದರು, ಎಲ್ಲಿಗೆ ಹೋಯಿತು ಎಂಬುದಕ್ಕೆ ಹಲವು ಊಹೆಗಳಿವೆ, ಖಚಿತವಾದ ಉತ್ತರ ಸಿಕ್ಕಿಲ್ಲ. 2023ರ ಅಕ್ಟೋಬರ್ 1ರಂದು ಆಸ್ಕರ್ ಕೊಡುವ ಅಕಾಡೆಮಿಯು ಅದರ ಬದಲಿಗೆ ಇನ್ನೊಂದು ಫಲಕವನ್ನು ವಿಶ್ವವಿದ್ಯಾಲಯಕ್ಕೆ ಸಮಾರಂಭದಲ್ಲಿ ಒಪ್ಪಿಸಿತು. ಅವರ ನಂತರ ನಟನೆಗೆ ಆಸ್ಕರ್ ಪಡೆದ ಕಪ್ಪು ಮಹಿಳೆ ವೂಪಿ ಗೋಲ್ಡ್‌ಬರ್ಗ್. ‘ಘೋಸ್ಟ್’ ಚಿತ್ರಕ್ಕಾಗಿ, 1991ರ ಸಮಾರಂಭದಲ್ಲಿ. ನಡುವೆ ಕಳೆದದ್ದು ಐವತ್ತೊಂದು ವರ್ಷ. 2010ರಲ್ಲಿ ಮೊನೀಕ್ ಅದೇ ಪೋಷಕ ನಟಿ ಪ್ರಶಸ್ತಿ ಪಡೆದಾಗ ಮ್ಯಾಕ್‌ಡ್ಯಾನಿಯೆಲ್ ಅವರನ್ನು ಹೆಸರಿಸಿ ನೆನೆದರು, ಕೂದಲಲ್ಲಿ ಗಾರ್ಡೇನಿಯಾ ಮುಡಿದು ಬಂದಿದ್ದರು.

ಕಾನೂನು ಪುಟ:

ಹಳೆಯ ತೆರೆ ಅವರು ಪ್ರಶಸ್ತಿಯ ನಂತರದ ವರ್ಷಗಳನ್ನು ನಾವು ಬಿಟ್ಟುಬಿಡುತ್ತೇವೆ ಎಂದಿದ್ದಾರೆ. ನಾನು ವಕೀಲ ವೃತ್ತಿಯವನಾದ್ದರಿಂದ ಆ ವರ್ಷಗಳ ಒಂದು ಮೊಕದ್ದಮೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅವರ ಬದುಕಿನ ಅತ್ಯಂತ ಮಹತ್ವದ ಗೆಲುವು ಇದು ಎಂಬುದು ನನ್ನ ಅಭಿಪ್ರಾಯ.

ಅಮೆರಿಕದ ನಗರಗಳು ಯಾವ ಬೀದಿಯಲ್ಲಿ ಯಾವ ಜನಾಂಗದವರು ವಾಸಿಸಬೇಕೆಂದು ಕಾನೂನು ಮಾಡುವುದನ್ನು ಅಲ್ಲಿನ ಸುಪ್ರೀಂ ಕೋರ್ಟು 1917ರಲ್ಲಿಯೇ ತಡೆದಿತ್ತು. ಆಗ ಬಿಳಿಯ ಮನೆಮಾಲೀಕರು ಬೇರೆ ಉಪಾಯ ಹುಡುಕಿದರು. ಒಂದು ಬಡಾವಣೆಯ ಮಾಲೀಕರೆಲ್ಲ ಸೇರಿ, ತಮ್ಮ ಮನೆಗಳನ್ನು ಬಿಳಿಯರಲ್ಲದವರಿಗೆ ಮಾರುವುದಿಲ್ಲ, ಅವರು ವಾಸಿಸಲು ಬಿಡುವುದಿಲ್ಲ ಎಂದು ಪರಸ್ಪರ ಕರಾರು ಬರೆದುಕೊಂಡು ಅದನ್ನು ಆಸ್ತಿಪತ್ರಕ್ಕೇ ಸೇರಿಸುತ್ತಿದ್ದರು. ಇದು ಸರ್ಕಾರದ ಕಾನೂನಲ್ಲ, ಖಾಸಗಿಯವರ ಒಪ್ಪಂದ ಎಂಬ ಕಾರಣಕ್ಕೆ 1926ರಲ್ಲಿ ಅದೇ ಸುಪ್ರೀಂ ಕೋರ್ಟು ಇದನ್ನು ಮುಟ್ಟಲಿಲ್ಲ. ಕರಾರು ಮೀರಿ ಯಾರಾದರೂ ಮನೆ ಮಾರಿದರೆ, ನೆರೆಯವರು ನ್ಯಾಯಾಲಯಕ್ಕೆ ಹೋಗಿ, ಹಣ ಕೊಟ್ಟು ಕೊಂಡ ಮಾಲೀಕರನ್ನೇ ಹೊರಹಾಕಿಸಬಹುದಿತ್ತು.

ಲಾಸ್ ಏಂಜಲೀಸಿನ ವೆಸ್ಟ್ ಆಡಮ್ಸ್ ಹೈಟ್ಸ್ ಇಂಥದೊಂದು ಬಡಾವಣೆ. ದೊಡ್ಡ ದೊಡ್ಡ ಮನೆಗಳು. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಕೆಲವು ಬಿಳಿಯ ಮಾಲೀಕರು ಕರಾರನ್ನು ಮೀರಿ ಅನುಕೂಲಸ್ಥ ಕಪ್ಪು ಕುಟುಂಬಗಳಿಗೆ ಮನೆ ಮಾರಿದರು, ಆ ಜಾಗಕ್ಕೆ ‘ಶುಗರ್ ಹಿಲ್’ ಎಂಬ ಹೆಸರು ಬಂತು. ಮ್ಯಾಕ್‌ಡ್ಯಾನಿಯೆಲ್ ಸೌತ್ ಹಾರ್ವರ್ಡ್ ಬುಲೆವಾರ್ಡಿನಲ್ಲಿ ಮನೆ ಕೊಂಡರು. ಲೂಯಿಸ್ ಬೀವರ್ಸ್, ಗಾಯಕಿ ಎಥೆಲ್ ವಾಟರ್ಸ್ ಕೂಡ ಅಲ್ಲಿ ನೆಲೆಸಿದರು. ಕೆಲವು ಬಿಳಿಯ ನೆರೆಯವರು ಇವರೆಲ್ಲರನ್ನು ಹೊರಹಾಕಬೇಕೆಂದು ಮೊಕದ್ದಮೆ ಹೂಡಿದರು. ಮ್ಯಾಕ್‌ಡ್ಯಾನಿಯೆಲ್ ತಮ್ಮ ಮನೆಯಲ್ಲಿ ನೆರೆಯ ಕಪ್ಪು ಕುಟುಂಬಗಳನ್ನು ಸೇರಿಸಿ ಹೋರಾಟವನ್ನು ಸಂಘಟಿಸಿದರು. ಅವರ ಪರವಾಗಿ ವಾದಿಸಿದವರು ಲಾರೆನ್ ಮಿಲ್ಲರ್ ಎಂಬ ಕಪ್ಪು ವಕೀಲರು. ಅದಕ್ಕೂ ಹಿಂದೆ ಇಂಥ ಮೊಕದ್ದಮೆಗಳಲ್ಲಿ ಸಾಮಾನ್ಯವಾಗಿ ನಡೆಯುತ್ತಿದ್ದ ವಾದಗಳು ತಾಂತ್ರಿಕವಾದವು: ಕರಾರಿಗೆ ಸಹಿ ಸರಿಯಾಗಿದೆಯೇ, ಅವಧಿ ಮುಗಿದಿದೆಯೇ, ಬಡಾವಣೆಯ ಸ್ವರೂಪ ಬದಲಾಗಿದೆಯೇ. ಮಿಲ್ಲರ್ ಅವರು ಸಂವಿಧಾನವನ್ನೇ ಮುಂದಿಟ್ಟರು. 1945ರ ಡಿಸೆಂಬರಿನಲ್ಲಿ ನ್ಯಾಯಾಧೀಶ ಥರ್ಮಂಡ್ ಕ್ಲಾರ್ಕ್ ಅವರು ಬಡಾವಣೆಯನ್ನು ಸ್ವತಃ ನೋಡಿಬಂದು, ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಇರಬೇಕೆನ್ನುವ ಸಂವಿಧಾನದ 14ನೆಯ ತಿದ್ದುಪಡಿ ಕೊಟ್ಟ ಹಕ್ಕುಗಳನ್ನು ಕಪ್ಪು ಜನರಿಗೆ ಯಾವ ನುಣುಚಿಕೊಳ್ಳುವಿಕೆಯೂ ಇಲ್ಲದೆ ಪೂರ್ಣವಾಗಿ ಕೊಡುವ ಕಾಲ ಬಂದಿದೆ ಎಂಬ ಅರ್ಥದ ಮಾತು ಹೇಳಿ ಮೊಕದ್ದಮೆಯನ್ನು ವಜಾ ಮಾಡಿದರು.

1948ರಲ್ಲಿ ಶೆಲ್ಲಿ ವಿರುದ್ಧ ಕ್ರೇಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನ್ಯಾಯಾಲಯಗಳು ಇಂಥ ಕರಾರುಗಳನ್ನು ಜಾರಿಗೊಳಿಸುವುದೇ 14ನೆಯ ತಿದ್ದುಪಡಿಯ ಉಲ್ಲಂಘನೆ ಎಂದು ಇಡೀ ದೇಶಕ್ಕೆ ಅನ್ವಯಿಸುವ ತೀರ್ಪು ಕೊಟ್ಟಿತು. ಜೊತೆಯಲ್ಲೇ ವಿಚಾರಣೆಗೆ ಬಂದ ಪ್ರಕರಣಗಳಲ್ಲಿ ಎನ್‌ಎಎಸಿಪಿಯ ವಕೀಲ ಥರ್ಗುಡ್ ಮಾರ್ಷಲ್ ಅವರ ಪಕ್ಕದಲ್ಲಿ ನಿಂತು ವಾದಿಸಿದವರು ಇದೇ ಲಾರೆನ್ ಮಿಲ್ಲರ್. ತೆರೆಯ ಮೇಲೆ ಒಡೆಯರ ಮನೆಯನ್ನು ತನ್ನ ಮನೆಯೆಂದು ನಂಬಿದ ಗುಲಾಮಳ ಪಾತ್ರ ಮಾಡಿದ ನಟಿ, ಹೊರಗೆ ತನ್ನ ಸ್ವಂತ ದುಡಿಮೆಯಿಂದ ಕೊಂಡ ಮನೆಯಲ್ಲಿ ಬಾಳುವ ಹಕ್ಕಿಗಾಗಿ ನ್ಯಾಯಾಲಯದಲ್ಲಿ ನಿಂತು ಗೆದ್ದರು. ಸಂಪಿಗೆ ನೆರಳು ಅವರು 7 ಡಾಲರಿಗೆ ದುಡಿಯುವ ಹೆಂಗಸರ ಬಗ್ಗೆ ಕೇಳಿದ ಪ್ರಶ್ನೆಗೆ ಇದು ಪೂರ್ಣ ಉತ್ತರವಲ್ಲದಿರಬಹುದು. ಆದರೆ ಆ 700 ಡಾಲರ್ ಎಲ್ಲಿಗೆ ಹೋಯಿತು ಎಂಬುದರ ಒಂದು ಭಾಗ ಇಲ್ಲಿದೆ.

ಸಾಗರದಾಚೆಯ ಕನ್ನಡತಿ:

ನಾನು ಕೆಲಸದ ನಿಮಿತ್ತ ಲಾಸ್ ಏಂಜಲೀಸಿನಲ್ಲಿದ್ದೇನೆ. ಕಾನೂನು ಪುಟ ಅವರು ಬರೆದದ್ದನ್ನು ಓದಿ ಕಳೆದ ಭಾನುವಾರ ಆ ಬೀದಿಗೆ ಹೋಗಿಬಂದೆ. ಮನೆ ಈಗಲೂ ಇದೆ, ಎರಡು ಅಂತಸ್ತಿನ ಹಳೆಯ ಮನೆ. ಅದರಲ್ಲಿ ವಾಸವಿರುವವರಿಗೆ ತೊಂದರೆ ಕೊಡಬಾರದೆಂದು ಎದುರಿನ ಕಾಲುದಾರಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದೆ. ಬೀದಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಸಾಂಟಾ ಮೋನಿಕಾ ಹೆದ್ದಾರಿಯ ಸದ್ದು ಕೇಳುತ್ತದೆ. 1960ರ ದಶಕದಲ್ಲಿ ಆ ಹೆದ್ದಾರಿಯನ್ನು ಶುಗರ್ ಹಿಲ್‌ನ ನಡುವೆಯೇ ಹಾಯಿಸಿದರು, ನ್ಯಾಯಾಲಯದಲ್ಲಿ ಗೆದ್ದು ಉಳಿಸಿಕೊಂಡ ಎಷ್ಟೋ ಮನೆಗಳು ಆಗ ನೆಲಸಮವಾದವು.

ಅಲ್ಲಿಂದ ಏಂಜಲಸ್-ರೋಸ್‌ಡೇಲ್ ಸ್ಮಶಾನ ದೂರವೇನಲ್ಲ. ಸ್ತನ ಕ್ಯಾನ್ಸರಿನಿಂದ ಮ್ಯಾಕ್‌ಡ್ಯಾನಿಯೆಲ್ ಅವರು 1952ರ ಅಕ್ಟೋಬರ್ 26ರಂದು ತೀರಿಕೊಂಡರು. ತಮ್ಮನ್ನು ಹಾಲಿವುಡ್ ಸ್ಮಶಾನದಲ್ಲಿ, ಚಿತ್ರರಂಗದ ತಮ್ಮ ಸಹೋದ್ಯೋಗಿಗಳ ನಡುವೆ ಹೂಳಬೇಕೆಂದು ಉಯಿಲಿನಲ್ಲಿ ಬರೆದಿದ್ದರು. ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಆ ಸ್ಮಶಾನ ಒಪ್ಪಲಿಲ್ಲ. ಎಲ್ಲ ಜನಾಂಗ, ಎಲ್ಲ ಮತಗಳವರಿಗೂ ಆರಂಭದಿಂದಲೇ ತೆರೆದಿದ್ದ ರೋಸ್‌ಡೇಲ್‌ನಲ್ಲಿ ಅವರನ್ನು ಹೂಳಿದರು. 1999ರಲ್ಲಿ ಹಾಲಿವುಡ್ ಸ್ಮಶಾನದ ಹೊಸ ಮಾಲೀಕರು ಅವರ ಅವಶೇಷಗಳನ್ನು ಅಲ್ಲಿಗೆ ತರಲು ಮುಂದಾದರು. ಕುಟುಂಬದವರು ಸಮಾಧಿಯನ್ನು ಕದಲಿಸಲು ಒಪ್ಪಲಿಲ್ಲವಾದ್ದರಿಂದ ಅಲ್ಲಿ ಒಂದು ಸ್ಮಾರಕವನ್ನು ಮಾತ್ರ ನಿಲ್ಲಿಸಿದರು. ಕುಟುಂಬದ ಆ ನಿರ್ಧಾರ ನನಗೆ ಬಹಳ ಸರಿಯೆನಿಸಿತು. ಸಮಾಧಿಯ ಬಳಿ ಯಾರೋ ಇಟ್ಟುಹೋದ ಬಿಳಿಯ ಹೂಗಳಿದ್ದವು, ನಾನೂ ಒಂದು ಹಿಡಿ ಇಟ್ಟುಬಂದೆ.

ಬಾನುಲಿ ಕೇಳುಗ:

ಸಿನಿಮಾ ಮತ್ತು ಮನೆಯ ಬಗ್ಗೆ ಬಂತು, ಬಾನುಲಿಯ ಬಗ್ಗೆ ಯಾರೂ ಬರೆಯಲಿಲ್ಲ. ಯುದ್ಧ ಮುಗಿದ ಮೇಲೆ ಅವರಿಗೆ ಸಿನಿಮಾದಲ್ಲಿ ಪಾತ್ರಗಳು ಕಡಿಮೆಯಾದವು. ಆಗ 1947ರಲ್ಲಿ ಸಿಬಿಎಸ್ ಬಾನುಲಿಯ ‘ಬ್ಯೂಲಾ’ ಕಾರ್ಯಕ್ರಮದ ಮುಖ್ಯ ಪಾತ್ರ ಅವರದಾಯಿತು. ರಾಷ್ಟ್ರಮಟ್ಟದ ಬಾನುಲಿ ಹಾಸ್ಯ ಸರಣಿಯೊಂದರಲ್ಲಿ ನಾಯಕಿಯಾದ ಮೊದಲ ಕಪ್ಪು ಮಹಿಳೆ ಎಂಬ ಹೆಗ್ಗಳಿಕೆ ಅದರಿಂದ ಬಂತು. ಅಲ್ಲಿಯವರೆಗೆ ಬ್ಯೂಲಾ ಎಂಬ ಕಪ್ಪು ಮನೆಗೆಲಸದಾಕೆಯ ದನಿಯಾಗಿದ್ದವರು ಬಿಳಿಯ ಗಂಡಸರು! ಸಭಿಕರ ಮುಂದೆ ನಿಂತು ಹೆಣ್ಣುದನಿಯಲ್ಲಿ, ಕಪ್ಪು ಜನರ ಮಾತಿನ ಅಣಕದಲ್ಲಿ ಮಾತನಾಡುವುದೇ ಆ ಕಾರ್ಯಕ್ರಮದ ನಗುವಿನ ಮೂಲವಾಗಿತ್ತು.

ಮ್ಯಾಕ್‌ಡ್ಯಾನಿಯೆಲ್ ಒಪ್ಪಿಕೊಳ್ಳುವಾಗ, ಆ ಅಣಕದ ಆಡುಮಾತಿನಲ್ಲಿ ತಾನು ಮಾತನಾಡುವುದಿಲ್ಲ ಎಂಬ ಷರತ್ತು ಹಾಕಿದರು. ಪಾತ್ರ ಅದೇ ಮನೆಗೆಲಸದಾಕೆಯದ್ದೇ ಆಗಿದ್ದರೂ, ವಾರದ ಐದು ದಿನ ಪ್ರಸಾರವಾಗುತ್ತಿದ್ದ ಆ ಹದಿನೈದು ನಿಮಿಷಗಳಲ್ಲಿ ಕೇಳಿಸುತ್ತಿದ್ದದ್ದು ಅವರ ಸ್ವಂತ ದನಿ. ಹೊಸದಾಗಿ ಬಂದ ದೂರದರ್ಶನಕ್ಕೂ ಅದೇ ಸರಣಿ ಹೋದಾಗ ಮೊದಲು ಎಥೆಲ್ ವಾಟರ್ಸ್, ಆಮೇಲೆ ಮ್ಯಾಕ್‌ಡ್ಯಾನಿಯೆಲ್ ಬಂದರು. ಕೆಲವೇ ಕಂತುಗಳ ಚಿತ್ರೀಕರಣವಾಗುವಷ್ಟರಲ್ಲಿ ಕಾಯಿಲೆ ಬಿದ್ದರು, ಪಾತ್ರ ಲೂಯಿಸ್ ಬೀವರ್ಸ್ ಅವರಿಗೆ ಹೋಯಿತು. ಶುಗರ್ ಹಿಲ್ ಮೊಕದ್ದಮೆಯಲ್ಲಿ ಒಟ್ಟಿಗೆ ನಿಂತ ಮೂವರೂ ಒಂದೇ ಸೇವಕಿಯ ಪಾತ್ರವನ್ನು ಒಬ್ಬರಾದ ಮೇಲೊಬ್ಬರು ಮಾಡಬೇಕಾಯಿತು ಎಂಬುದು, ಅಂದಿನ ಚಿತ್ರೋದ್ಯಮ ಇವರಿಗಾಗಿ ಎಷ್ಟು ಚಿಕ್ಕ ಜಾಗ ಬಿಟ್ಟಿತ್ತು ಎಂಬುದನ್ನು ಹೇಳುತ್ತದೆ.

ಹಳೆಯ ತೆರೆ:

ಎಲ್ಲರಿಗೂ ಕೃತಜ್ಞತೆಗಳು. ಸಂಪಿಗೆ ನೆರಳು ಅವರಲ್ಲಿ ಒಂದು ವಿನಂತಿ: ಸಾಧ್ಯವಾದರೆ ಜಾನ್ ಹ್ಯೂಸ್ಟನ್ ನಿರ್ದೇಶಿಸಿದ 1942ರ ‘ಇನ್ ದಿಸ್ ಅವರ್ ಲೈಫ್’ ಚಿತ್ರವನ್ನು ನೋಡಿ. ಅದರಲ್ಲಿಯೂ ಅವರು ಒಂದು ಬಿಳಿಯ ಕುಟುಂಬದ ಮನೆಗೆಲಸದಾಕೆಯೇ, ಆದರೆ ಆಕೆಗೆ ಹೆಸರಿದೆ, ಮನೆಯಿದೆ, ವಕೀಲನಾಗಲು ಓದುತ್ತಿರುವ ಮಗನಿದ್ದಾನೆ. ನೋಡಿದ ಮೇಲೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಬರೆಯಿರಿ.

ಸಂಪಿಗೆ ನೆರಳು:

ನಿನ್ನೆ ರಾತ್ರಿ ನೋಡಿದೆ. ಬೆಟ್ಟಿ ಡೇವಿಸ್ ಅವರ ಪಾತ್ರ ಕಾರು ಹಾಯಿಸಿ ಒಂದು ಮಗುವನ್ನು ಕೊಂದು, ತಪ್ಪನ್ನು ಮಿನರ್ವಾಳ ಮಗ ಪೆರಿಯ ಮೇಲೆ ಹೊರಿಸುತ್ತದೆ. ಮ್ಯಾಕ್‌ಡ್ಯಾನಿಯೆಲ್ ಆ ಮಿನರ್ವಾ. ಇಡೀ ಚಿತ್ರದಲ್ಲಿ ಅವರಿಗಿರುವ ಸಮಯ ಕೆಲವೇ ನಿಮಿಷ.

ಪಾತ್ರಗಳ ಬಗ್ಗೆ ನಾನು ಮೊದಲು ಬರೆದ ಆಕ್ಷೇಪವನ್ನು ಹಿಂತೆಗೆದುಕೊಳ್ಳುತ್ತಿಲ್ಲ. ‘ಮ್ಯಾಮಿ’ಯ ಚಿತ್ರ ಮಾಡಿದ ಹಾನಿ ನಿಜ, ಅದನ್ನು ಅಂದು ವಿರೋಧಿಸಿದವರು ಸರಿ. ಆದರೆ ಒಲಿವಿಯಾ ಡಿ ಹ್ಯಾವಿಲೆಂಡ್ ಅವರು ಮಿನರ್ವಾಳನ್ನು ಕಾಣಲು ಬರುವ ದೃಶ್ಯವನ್ನು ನಾನು ಮೂರು ಸಲ ಹಿಂದಕ್ಕೆ ತಿರುಗಿಸಿ ನೋಡಿದೆ. ಮಗ ಆ ಸಂಜೆ ಪೂರ್ತಿ ತನ್ನ ಜೊತೆ ಮನೆಯಲ್ಲಿಯೇ ಇದ್ದ ಎಂದು ಆಕೆ ಹೇಳುತ್ತಾಳೆ. ಪೊಲೀಸರಿಗೆ ಹೇಳಲು ಅವನು ಪ್ರಯತ್ನಿಸಿದ, ಕಪ್ಪು ಹುಡುಗನ ಮಾತನ್ನು ಅವರು ಕೇಳಿಸಿಕೊಳ್ಳುವುದಿಲ್ಲ ಎನ್ನುತ್ತಾಳೆ. ಹಾಸ್ಯವಿಲ್ಲ, ಕಣ್ಣರಳಿಸುವುದಿಲ್ಲ, ದನಿ ಎತ್ತರಿಸುವುದಿಲ್ಲ. ಕಪ್ಪು ವ್ಯಕ್ತಿಯ ಸಾಕ್ಷ್ಯಕ್ಕೆ ಬೆಲೆಯಿಲ್ಲ ಎಂಬುದನ್ನು ಇಷ್ಟು ನೇರವಾಗಿ ತೋರಿಸುತ್ತದೆ ಎಂಬ ಕಾರಣಕ್ಕೆ ಯುದ್ಧಕಾಲದ ಸೆನ್ಸಾರ್ ಕಚೇರಿ ಈ ಚಿತ್ರವನ್ನು ವಿದೇಶಗಳಿಗೆ ಕಳಿಸಲು ಅನುಮತಿ ಕೊಡಲಿಲ್ಲವೆಂದು ಆಮೇಲೆ ಓದಿ ತಿಳಿದೆ.

ಪ್ರಶಸ್ತಿ ಬಂದದ್ದು ಇದಕ್ಕೆ ಎರಡು ವರ್ಷ ಮೊದಲು. ಆ ಎರಡು ವರ್ಷಗಳ ನಂತರವೂ ಅವರಿಗೆ ಕೊಟ್ಟದ್ದು ಈ ಕೆಲವು ನಿಮಿಷಗಳನ್ನು ಮಾತ್ರ ಎಂಬುದನ್ನು ನೆನೆದು ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಹಳೆಯ ತೆರೆ ಅವರೇ, ‘ಆಲಿಸ್ ಆಡಮ್ಸ್’ ಚಿತ್ರವನ್ನು ಈ ವಾರದ ಕೊನೆಗೆ ನೋಡುತ್ತೇನೆ.